ಓದುಗರ ಪ್ರಶ್ನೆ: ಸಭೆಯಲ್ಲಿ ಎರಡು ಬಣ, ಕೋರ್ಟಿಗೆ ಹೋಗಬೇಕೇ?

ಪ್ರಶ್ನೆ: ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಪಂಗಡದ ಚರ್ಚ್ ಸಭೆ. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯ ಚುನಾವಣೆ ಹತ್ತಿರ ಬಂದಿದೆ, ಸಭೆ ಎರಡು ಬಣವಾಗಿದೆ. ಒಂದು ಬಣದ ಹಲವರ ಹೆಸರು ಮತದಾರರ ಪಟ್ಟಿಯಲ್ಲಿಲ್ಲ. ಸಭೆಯ ಜಾಗವನ್ನು ಲೀಸಿಗೆ ಕೊಡುತ್ತಾರಂತೆ. ನೇರ ಕೋರ್ಟಿಗೆ ಹೋಗಬಹುದೇ? ಇಷ್ಟು ಸಣ್ಣ ಕಮಿಟಿಗೆ ಈ ಪರಿ ಜಗಳ ಯಾಕೆ?
— ಒಬ್ಬ ಸಭಾಸದಸ್ಯೆ, ಬೆಂಗಳೂರು

ಉತ್ತರ: ಕಮಿಟಿ ಸಣ್ಣದಾದರೂ ಮೇಲಿನ ಅಧಿಕಾರಕ್ಕೆಲ್ಲ ದಾರಿ ಅಲ್ಲಿಂದಲೇ. ಸಭೆಗಳ ಪ್ರತಿನಿಧಿಗಳು ಡಯಾಸಿಸನ್ ಕೌನ್ಸಿಲ್‌ಗೆ, ಅಂದರೆ ಒಬ್ಬ ಬಿಷಪರ ವ್ಯಾಪ್ತಿಯ ಪ್ರಾಂತವಾದ ಡಯಾಸಿಸ್‌ನ ಮಂಡಳಿಗೆ, ಹೋಗುತ್ತಾರೆ. ಬಿಷಪ್ ಸ್ಥಾನಕ್ಕೆ ಹೆಸರುಗಳ ಪ್ಯಾನೆಲ್ ಆರಿಸುವುದು ಆ ಕೌನ್ಸಿಲ್, ಅದರಲ್ಲಿ ಒಬ್ಬರನ್ನು ನೇಮಿಸುವುದು ಸಿನಡ್, ಅಂದರೆ ಇಡೀ ಸಿಎಸ್‌ಐಯ ಅತ್ಯುನ್ನತ ಮಂಡಳಿ. ಸಭಾಪಾಲಕರ ವರ್ಗಾವಣೆ, ಶಾಲೆ-ಕಾಲೇಜು-ಆಸ್ಪತ್ರೆಗಳ ಆಡಳಿತ ಎಲ್ಲವೂ ಡಯಾಸಿಸ್ ಕೈಯಲ್ಲಿ. ಜಗಳ ಬಹುಪಾಲು ಇವಕ್ಕಾಗಿ, ನಂಬಿಕೆಗಾಗಿ ಅಲ್ಲ. 1947ರಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಸೌತ್ ಇಂಡಿಯಾ ಯುನೈಟೆಡ್ ಚರ್ಚ್ ಸೇರಿ ಸಿಎಸ್‌ಐ ಆಯಿತು. ಹಳೆಯ ಮಿಷನ್‌ಗಳ ಗುರುತು, ಬೆಂಗಳೂರಿನಲ್ಲಂತೂ ಕನ್ನಡ-ತಮಿಳು ಸಭೆಗಳ ಲೆಕ್ಕಾಚಾರ, ಬಣ ಕಟ್ಟುವವರಿಗೆ ಈಗಲೂ ಒದಗುತ್ತವೆ.

ಮೇಲಿನ ಹಂತದಲ್ಲೂ ಇದೇ ಕಥೆ. ಬಿಷಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ 2022ರಲ್ಲಿ ಸಿನಡ್ ಮುಂದೆ ಬಂತು. ಅದರ ಅನುಮೋದನೆ ಸರಿಯಾಗಿ ಆಯಿತೇ ಎಂಬ ತಕರಾರು ಮದ್ರಾಸ್ ಹೈಕೋರ್ಟ್ ಮುಟ್ಟಿ, 2024ರಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಗಾರರಾಗಿ ನೇಮಿಸುವವರೆಗೆ ಹೋಯಿತು. ಸಭೆಯ ಕೆಲಸ ಕೋರ್ಟಿನ ಕೈಗೆ ಹೋಗುವುದು ನೋವಿನ ಸಂಗತಿ.

ನಿಮ್ಮ ವಿಷಯಕ್ಕೆ ಬರೋಣ. ಮತದಾರರ ಪಟ್ಟಿಯ ಪ್ರತಿಯನ್ನು ಇಂದೇ ಕೇಳಿ ಪಡೆಯಿರಿ. ಹೆಸರು ಬಿಡುವುದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣಗಳು ಮೂರು: ದೃಢೀಕರಣದ (ಕನ್ಫರ್ಮೇಷನ್, ಪೂರ್ಣ ಸದಸ್ಯರಾಗುವ ವಿಧಿ) ದಾಖಲೆ ಇಲ್ಲ, ಚಂದಾ ಬಾಕಿ, ಬೇರೆ ಸಭೆಗೆ ಹೋಗಿದ್ದಾರೆ. ಚಂದಾ ರಸೀದಿ ಮತ್ತು ದೃಢೀಕರಣದ ಸರ್ಟಿಫಿಕೇಟ್ ಜೋಡಿಸಿ, ಆಕ್ಷೇಪಣೆಗೆ ಕೊಟ್ಟಿರುವ ದಿನದೊಳಗೆ ಒಬ್ಬೊಬ್ಬರೂ ಬೇರೆಬೇರೆ ಅರ್ಜಿ ಕೊಡಲಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಲಿ. ಐವತ್ತು ಸಹಿಯ ಒಂದೇ ಮನವಿಯನ್ನು ‘ಬಣದ ಪತ್ರ’ ಎಂದು ಪಕ್ಕಕ್ಕಿಡುವುದು ಸುಲಭ. ಉತ್ತರ ಬರದಿದ್ದರೆ ಡಯಾಸಿಸ್‌ಗೆ ಮೇಲ್ಮನವಿ. ಈ ಹಂತ ಬಿಟ್ಟು ಕೋರ್ಟಿಗೆ ಹೋದರೆ ಎದುರಾಳಿ ವಕೀಲರ ಮೊದಲ ವಾದವೇ ‘ಒಳಗಿನ ಪರಿಹಾರ ಕೇಳಿಲ್ಲ’ ಎಂಬುದು.

ಜಾಗದ ಮಾತು ಬೇರೆ. ಸಿಎಸ್‌ಐ ಆಸ್ತಿ ಸಾಮಾನ್ಯವಾಗಿ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ ಎಂಬ ನೋಂದಾಯಿತ ಕಂಪನಿಯ ಹೆಸರಿನಲ್ಲಿರುತ್ತದೆ. ಹಾಗಿದ್ದರೆ ಸ್ಥಳೀಯ ಕಮಿಟಿಯ ನಿರ್ಣಯ ಮಾತ್ರದಿಂದ ಲೀಸ್ ಆಗದು. ಸಹಿ ಹಾಕುವವರ ಪವರ್ ಆಫ್ ಅಟಾರ್ನಿಯ ಪ್ರತಿ ಕೇಳಿ. ರಾಜ್ಯ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ನೋಂದಣಿಯಾದ ಲೀಸ್ ಕಾಣುತ್ತದೆ. ಹನ್ನೊಂದು ತಿಂಗಳ ಕರಾರು ಮಾತ್ರ ನೋಂದಣಿಯಾಗದೆ ಉಳಿಯಬಹುದು, ಆದ್ದರಿಂದ ಕಮಿಟಿಯ ಮಿನಿಟ್ಸ್ ಪುಸ್ತಕವನ್ನೂ ನೋಡಿ.

ಕೊನೆಗೂ ಕೋರ್ಟೇ ಬೇಕಾದರೆ, ಸಾರ್ವಜನಿಕ ಟ್ರಸ್ಟಿನ ಆಡಳಿತ ಕುರಿತು ಸಿವಿಲ್ ಪ್ರೊಸೀಜರ್ ಕೋಡ್‌ನ 92ನೇ ಸೆಕ್ಷನ್ ಇದೆ: ಹಿತಾಸಕ್ತಿಯುಳ್ಳ ಕನಿಷ್ಠ ಇಬ್ಬರು, ಮೊದಲೇ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬೇಕು. ಎದುರು ಬಣ ತಡೆಯಾಜ್ಞೆ ತರುವ ಸೂಚನೆ ಇದ್ದರೆ ಕೇವಿಯಟ್ (ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮೊದಲೇ ಕೊಡುವ ಅರ್ಜಿ) ಹಾಕಿ. ಅದರ ಅವಧಿ 90 ದಿನ. ಚುನಾವಣೆ ಮುಂದೆ ಹೋದರೆ ಮತ್ತೆ ಹಾಕಬೇಕಾಗುತ್ತದೆ.