ಸಂಪಾದಕರ ಉತ್ತರ: ಕಾರ್ಡ್ ಮಾಡಿಸುವ ಮುಂಚೆ ಒಂದು ಸುತ್ತು ಹಾಕಿ

"ಬೆಂಗಳೂರು ಬಿಟ್ಟು ಮೈಸೂರಿಗೆ ಬಂದು ಎರಡು ವರ್ಷ ಆಯ್ತು. ಮಗನಿಗೆ ಹನ್ನೆರಡು, ಮಗಳಿಗೆ ಏಳು. ಭಾನುವಾರ ಬಂದರೆ ಗೇಮ್ ಝೋನ್ ಅಂತ ಗಲಾಟೆ. ಹೋದ ತಿಂಗಳು ಒಂದು ಕಡೆ ಕಾರ್ಡಿಗೆ 1,000 ರೂಪಾಯಿ ಹಾಕಿಸಿದೆ. ಮುಕ್ಕಾಲು ಗಂಟೆಯಲ್ಲಿ 820 ಖಾಲಿ. ಕೈಗೆ ಬಂದದ್ದು ಎರಡು ಪೆನ್ಸಿಲ್, ಒಂದು ರಬ್ಬರ್. ಉಳಿದ 180 ವಾಪಸ್ ಕೇಳಿದರೆ 'ರಿಫಂಡ್ ಇಲ್ಲ ಮೇಡಂ' ಅಂದರು. ಹೋಟೆಲುಗಳ ಬಗ್ಗೆ ಅಷ್ಟೊಂದು ಬರೆಯುತ್ತೀರಿ. ಇಂಥ ಜಾಗ ಹುಡುಕೋದು ಹೇಗೆ, ಆರಿಸೋದು ಹೇಗೆ ಅಂತ ಒಮ್ಮೆ ಬರೆಯಬಾರದಾ? ಹೆಸರು ಹಾಕಬೇಡಿ."
— ಓದುಗರು, ಕುವೆಂಪುನಗರ, ಮೈಸೂರು

ನಮಸ್ಕಾರ. ಹೆಸರು ಹಾಕಿಲ್ಲ. ನಿಮ್ಮ ಎರಡು ಪೆನ್ಸಿಲ್ ಕಥೆ ಓದಿ ಆಫೀಸಿನಲ್ಲಿ ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರೇ ತಮ್ಮ ಮನೆಯ ಪೆನ್ಸಿಲ್ ಲೆಕ್ಕ ಹೇಳೋಕೆ ಶುರು ಮಾಡಿದರು. ನೀವು ಒಬ್ಬರೇ ಅಲ್ಲ.

ಮೊದಲು ಹುಡುಕುವ ವಿಷಯ. ಫೋನಿನ ಮ್ಯಾಪಿನಲ್ಲಿ 'ಆರ್ಕೇಡ್' ಅಂತ ಹಾಕಬೇಡಿ. ನಮ್ಮ ಊರುಗಳಲ್ಲಿ ಆರ್ಕೇಡ್ ಅಂದರೆ ಮೂರು ಮಹಡಿಯ ಕಟ್ಟಡ. ಕೆಳಗೆ ಸೀರೆ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಟ್ಯೂಷನ್. 'ಗೇಮಿಂಗ್' ಅಂತ ಹಾಕಿದರೆ ಗಂಟೆ ಲೆಕ್ಕದಲ್ಲಿ ಪ್ಲೇಸ್ಟೇಷನ್ ಆಡಿಸುವ ಕೋಣೆಗಳು, ಸ್ನೂಕರ್ ಪಾರ್ಲರುಗಳು ಬರುತ್ತವೆ. ಮಗ ಇನ್ನೆರಡು ವರ್ಷಕ್ಕೆ ಅಲ್ಲಿಗೆ ಹೊರಡಬಹುದು, ಮಗಳಿಗೆ ಅಲ್ಲೇನು ಕೆಲಸ? 'ಗೇಮ್ ಝೋನ್' ಅಂತಲೇ ಹುಡುಕಿ.

ಸ್ಟಾರ್ ಎಣಿಸಬೇಡಿ. ಐದು ಸ್ಟಾರ್ ಕೊಟ್ಟವರು ಬರ್ತ್‌ಡೇಗೆ ಬಂದು ಕೇಕ್ ತಿಂದವರು. ಒಂದು ಸ್ಟಾರ್ ಕೊಟ್ಟವರು ಕೌಂಟರಿನಲ್ಲಿ ಜಗಳ ಆಡಿದವರು. ಆಟದ ಬಗ್ಗೆ ನಾಲ್ಕು ಸಾಲು ಬರೆಯೋದು ಮೂರು ಸ್ಟಾರಿನವರು ಮಾತ್ರ, ಅವರನ್ನು ಓದಿ. ಆಮೇಲೆ ಜನ ಹಾಕಿದ ಹೊಸ ಫೋಟೊಗಳನ್ನು ನೋಡಿ. ಟೋಪಿ ಹಾಕಿಕೊಂಡ ಮಗುವಿನ ಬೆನ್ನ ಹಿಂದೆ ಎಷ್ಟು ಪರದೆಗಳು ಕಪ್ಪಗಿವೆ, ಎಷ್ಟು ಮಷಿನಿಗೆ 'ಔಟ್ ಆಫ್ ಆರ್ಡರ್' ಚೀಟಿ ಅಂಟಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಮೈಸೂರಿನಂಥ ಊರಿನಲ್ಲಿ ಬೆಂಗಳೂರಿನಷ್ಟು ಆಯ್ಕೆ ಇಲ್ಲ, ನಿಜ. ಜಯಲಕ್ಷ್ಮೀಪುರದ ಬಿ.ಎಂ. ಹ್ಯಾಬಿಟಾಟ್, ಮಾಲ್ ಆಫ್ ಮೈಸೂರು, ಹೈದರಾಲಿ ರಸ್ತೆಯ ಸೆಂಟರ್ ಸಿಟಿ ಅಂತ ಮಾಲುಗಳನ್ನು ಬೆರಳಲ್ಲೇ ಎಣಿಸಬಹುದು. ಅದರಿಂದ ಒಂದು ಲಾಭವೂ ಇದೆ. ಎರಡು ಶನಿವಾರದಲ್ಲಿ ಎಲ್ಲವನ್ನೂ ಕಣ್ಣಾರೆ ನೋಡಿ ಮುಗಿಸಬಹುದು. ಯಾವುದು ಚೆನ್ನಾಗಿದೆ ಅಂತ ನಾನು ಹೆಸರು ಹೇಳುವುದಿಲ್ಲ. ಗೇಮ್ ಝೋನಿನ ಬೋರ್ಡು ಬದಲಾಗೋಕೆ ಹೊತ್ತು ಬೇಡ, ಈ ಸಂಚಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ನನ್ನ ಹೊಗಳಿಕೆ ಹಳಸಿರುತ್ತದೆ.

ಹೋದ ಕೂಡಲೇ ಕೌಂಟರಿಗೆ ಹೋಗಬೇಡಿ. ಕಾರ್ಡ್ ಮಾಡಿಸದೆ ಒಂದು ಸುತ್ತು ಹಾಕಿ. ಏರ್ ಹಾಕಿ ಟೇಬಲ್ (ಚಪ್ಪಟೆ ಬಿಲ್ಲೆಯನ್ನು ಎದುರಿನವರ ಗೋಲಿಗೆ ಹೊಡೆಯುವ ಆಟ) ಇದ್ದರೆ ಅಲ್ಲಿ ನಿಲ್ಲಿ, ಯಾರಾದರೂ ಆಡುತ್ತಿರುತ್ತಾರೆ. ಟೇಬಲ್ ತುಂಬಾ ಸಣ್ಣ ಸಣ್ಣ ತೂತುಗಳಿವೆಯಲ್ಲ, ಅವುಗಳಿಂದ ಬರುವ ಗಾಳಿ ಆ ಬಿಲ್ಲೆಯನ್ನು ಕೂದಲೆಳೆಯಷ್ಟು ಎತ್ತಿ ಹಿಡಿದಿರುತ್ತದೆ. ಅದಕ್ಕೇ ಅದು ಅಷ್ಟು ನುಣ್ಣಗೆ ಜಾರುವುದು. ಒಳಗಿನ ಬ್ಲೋವರಿಗೆ ಧೂಳು ಕಟ್ಟಿದರೆ, ತೂತು ಮುಚ್ಚಿಕೊಂಡರೆ, ಬಿಲ್ಲೆ ಒಂದು ಕಡೆ ಬಂದು ಕರ್ ಅಂತ ನಿಲ್ಲುತ್ತದೆ. ಯಾರೂ ಹೊಡೆಯದಿದ್ದರೂ ಒಂದೇ ಮೂಲೆಗೆ ಹೋಗುತ್ತಿದ್ದರೆ ಟೇಬಲ್ ಮಟ್ಟಸವಾಗಿಲ್ಲ. ಹೋಟೆಲಿಗೆ ಹೋದಾಗ ಮೊದಲು ನೀರಿನ ಲೋಟ ನೋಡುತ್ತೇವಲ್ಲ, ಇದೂ ಹಾಗೇ.

ಕಾರಿನ ಆಟದ ಸೀಟಿನಲ್ಲಿ ಸುಮ್ನೆ ಕೂತು ಸ್ಟಿಯರಿಂಗ್ ಅಲ್ಲಾಡಿಸಿ. ಲಟಪಟ ಅಂದರೆ ಎದ್ದು ಬನ್ನಿ. ಬಂದೂಕಿನ ಆಟದಲ್ಲಿ ಹುಡುಗರು ಗುರಿ ಇಡುವುದು ಒಂದು ಕಡೆ, ಪರದೆಯಲ್ಲಿ ಗುಂಡು ಬೀಳುವುದು ಇನ್ನೊಂದು ಕಡೆ ಆಗುತ್ತಿದೆಯಾ? ಬಹಳ ಸಲ ಸೆಟ್ಟಿಂಗಿಗೆ ಹೋಗಿ ಗುರಿ ಸರಿಮಾಡಿದರೆ ಮುಗಿಯುವ ಕೆಲಸ ಅದು. ಅಷ್ಟನ್ನೂ ಮಾಡದೆ ಬಿಟ್ಟಿದ್ದಾರೆ ಅಂದರೆ ಅಲ್ಲಿ ನೋಡಿಕೊಳ್ಳುವವರು ಇಲ್ಲ. ನಲವತ್ತು ಮಷಿನ್ ಇಟ್ಟು ಹದಿನೈದು ಕೆಟ್ಟಿರುವ ಜಾಗಕ್ಕಿಂತ, ಹನ್ನೆರಡೇ ಇದ್ದು ಹನ್ನೆರಡೂ ನಡೆಯುವ ಜಾಗ ನನಗೆ ಇಷ್ಟ.

ಇನ್ನು ನಿಮ್ಮ ಪೆನ್ಸಿಲ್. ಇಲ್ಲಿ ನನ್ನ ಹಳೇ ಕಥೆ ಸ್ವಲ್ಪ ಹೇಳಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಟಾಕೀಸಿನ ಪಕ್ಕದ ಸಂದಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಎಲ್ಲರೂ ಆಡುತ್ತಿದ್ದದ್ದು 'ಮುಸ್ತಫಾ'. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಮದುವೆಯಾಗಿತ್ತು. ಅದರೊಳಗಿನ ನಾಲ್ವರಲ್ಲಿ ಒಬ್ಬನ ಹೆಸರು ಮುಸ್ತಫಾ, ಆಟಕ್ಕೆ ಅದೇ ಹೆಸರು ಅಂಟಿಕೊಂಡಿತು. ಒಂದು ರೂಪಾಯಿ ಕಾಯಿನ್ ಹಾಕಿ ನಾನು ಎರಡು ನಿಮಿಷದಲ್ಲಿ ಸಾಯುತ್ತಿದ್ದೆ. ನಮ್ಮ ಬೀದಿಯ ಒಬ್ಬ ಹುಡುಗ ಅದೇ ಒಂದು ರೂಪಾಯಿಗೆ ಅರ್ಧ ಗಂಟೆ ನಿಲ್ಲುತ್ತಿದ್ದ. ಅಂಗಡಿಯವನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಆ ಹುಡುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಷಿನ್ ಆರಿಸಿ. ಆಡಿ ಆಡಿ ಕೈ ಕುದುರಿದ ಮಗು ಅಷ್ಟೇ ದುಡ್ಡಿಗೆ ಜಾಸ್ತಿ ಹೊತ್ತು ನಿಲ್ಲುವ ಆಟ, ಇಲ್ಲವೇ ಇಬ್ಬರೂ ಸೇರಿ ಆಡುವ ಆಟ ಎಷ್ಟಿವೆ ಅಂತ ಎಣಿಸಿ. ಬ್ಯಾಸ್ಕೆಟ್‌ಬಾಲ್, ಏರ್ ಹಾಕಿ, ಕಾರು, ಡಾನ್ಸ್ ಮಷಿನ್ ಇವೆಲ್ಲ ಆ ಕಡೆಯವು. ಗುಂಡಿ ಒತ್ತಿದರೆ ಹತ್ತು ಸೆಕೆಂಡಿನಲ್ಲಿ ಮುಗಿದು ಟಿಕೆಟ್ ಉಗುಳುವ ಚಕ್ರದಂಥವು ಇನ್ನೊಂದು ಕಡೆ. ಆ ಟಿಕೆಟ್ ಕೊಟ್ಟರೆ ಸಿಗುವ ಬಹುಮಾನವೇ ನಿಮ್ಮ ಪೆನ್ಸಿಲ್. ನಿಮ್ಮ 820 ಅಲ್ಲೇ ಕರಗಿರಬೇಕು.

ಗೊಂಬೆ ಎತ್ತುವ ಕೊಕ್ಕೆ ಮಷಿನ್ ಬಗ್ಗೆ ಮಗಳಿಗೆ ನಿಜ ಹೇಳಿಬಿಡಿ. ಆ ಕೊಕ್ಕೆ ಎಷ್ಟು ಬಿಗಿ ಹಿಡಿಯಬೇಕು ಅನ್ನುವುದನ್ನು ಮಷಿನ್ ಇಟ್ಟವರು ಸೆಟ್ ಮಾಡಬಹುದು. ಎಷ್ಟು ಆಟಕ್ಕೊಮ್ಮೆ ಗಟ್ಟಿ ಹಿಡಿಯಬೇಕು ಅಂತಲೂ ಸೆಟ್ ಮಾಡುವ ಮಷಿನುಗಳಿವೆ. ಗೊಂಬೆಯನ್ನು ಮೇಲಿನವರೆಗೆ ಎತ್ತಿ, ಅದು ಹೊರಬೀಳುವ ಬಾಯಿ ಹತ್ತಿರ ಬಂದಾಗ ಸಡಿಲ ಬಿಡುತ್ತದಲ್ಲ, ಅದು ಅವಳ ಕೈಯ ತಪ್ಪಲ್ಲ. ಎರಡು ಸಲ ಆಡಲಿ, ಸಾಕು.

ಆಟ ಯಾವುದು, ಜೂಜು ಯಾವುದು ಅನ್ನುವ ತಕರಾರು ಹೊಸದೇನಲ್ಲ. ನಮ್ಮ ರಾಜ್ಯದ ವಿಡಿಯೋ ಗೇಮ್ ಪಾರ್ಲರುಗಳ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪಾರ್ಲರುಗಳಿಗೆ ಲೈಸೆನ್ಸ್ ಬೇಕು ಅನ್ನುವ ನಿಯಮವನ್ನು ಕೋರ್ಟ್ 1995ರಲ್ಲಿ ಎತ್ತಿಹಿಡಿಯಿತು.

ಲೈಸೆನ್ಸ್ ಅಂದಾಗ ರಾಜ್‌ಕೋಟ್ ನೆನಪಾಗುತ್ತದೆ. ಅದು ಗುಜರಾತಿನಲ್ಲಿ, ಮೈಸೂರಿಗಿಂತ ದೊಡ್ಡ ಊರು. 2024ರ ಮೇ 25, ಶನಿವಾರ, ಬೇಸಿಗೆ ರಜೆ. ಟಿಆರ್‌ಪಿ ಗೇಮ್ ಝೋನಿನಲ್ಲಿ 99 ರೂಪಾಯಿ ಟಿಕೆಟ್ ಆಫರ್ ಇದ್ದದ್ದರಿಂದ ಜನ ತುಂಬಿದ್ದರು. ತಗಡಿನ ಶೆಡ್ಡು, ಒಳಗೆ ವೆಲ್ಡಿಂಗ್ ಕೆಲಸ, ಪೆಟ್ರೋಲು ಡೀಸೆಲ್ಲು ದಾಸ್ತಾನು. ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರ (ಎನ್‌ಒಸಿ) ಇರಲಿಲ್ಲ. ಬೆಂಕಿ ಹತ್ತಿ 27 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಹೆದರಿಸೋಕೆ ಹೇಳುತ್ತಿಲ್ಲ. ಆದರೆ ಆ ಮೊದಲ ಸುತ್ತಿನಲ್ಲೇ ಎರಡನೇ ಬಾಗಿಲು ಎಲ್ಲಿದೆ ನೋಡಿ. ಹೋಗಿ ತಳ್ಳಿಯೂ ನೋಡಿ. ಒಂದು ಕಡೆ ಹಸಿರು 'ಎಕ್ಸಿಟ್' ದೀಪದ ಕೆಳಗೆ ಕೆಟ್ಟ ಮಷಿನು, ಮುರಿದ ಕುರ್ಚಿ ಪೇರಿಸಿದ್ದನ್ನು ನಾನೇ ನೋಡಿದ್ದೇನೆ. ಕೇಳಿದರೆ "ಸಂಜೆ ತೆಗೀತೀವಿ ಸಾರ್" ಅಂದರು. ಎರಡು ವಾರ ಬಿಟ್ಟು ಹೋದಾಗಲೂ ಅಲ್ಲೇ ಇತ್ತು. ಮೂರನೇ ಸಲ ನಾವು ಹೋಗಲಿಲ್ಲ. ಬೇರೆಲ್ಲದರಲ್ಲಿ ಹೊಂದಿಕೊಳ್ಳಬಹುದು, ಇದರಲ್ಲಿ ಬೇಡ.

ದುಡ್ಡಿನ ಮಾತು. ಬೋರ್ಡಿನಲ್ಲಿ ಪಾಯಿಂಟ್ ಲೆಕ್ಕ ಬರೆದಿದ್ದರೆ "ಈ ಆಟ ಒಂದು ಸಲಕ್ಕೆ ಎಷ್ಟು ರೂಪಾಯಿ?" ಅಂತ ಕೇಳಿ. ತಡವರಿಸದೆ ಹೇಳಿದರೆ ಒಳ್ಳೆಯ ಲಕ್ಷಣ. 1,000 ಹಾಕಿದರೆ 300 ಬೋನಸ್ ಅನ್ನುವುದಕ್ಕೆ ಮರುಳಾಗಬೇಡಿ, ಮೊದಲ ಸಲ ಅಲ್ಲಿನ ಕನಿಷ್ಠ ಮೊತ್ತ ಸಾಕು. ಆಫರ್ ಇದ್ದರೆ ಸಾಮಾನ್ಯವಾಗಿ ವಾರದ ನಡುವೆ ಇರುತ್ತದೆ. ಶಾಲೆಗೆ ರಜೆ ಇರುವ ಬುಧವಾರ ಸಿಕ್ಕರೆ ಬಿಡಬೇಡಿ, ಜನವೂ ಕಡಿಮೆ. ಮಗನ ಕೈಗೆ ಕಾರ್ಡ್ ಕೊಡಿ, ಲೆಕ್ಕ ಅವನೇ ಇಡಲಿ. ತಂಗಿಯ ಪಾಲು ತಿಂದರೆ ಮುಂದಿನದನ್ನು ಅವಳೇ ನೋಡಿಕೊಳ್ಳುತ್ತಾಳೆ.

ಆ 180 ರೂಪಾಯಿ ಬಿಡಬೇಡಿ. ಕಾರ್ಡ್ ಮತ್ತು ಬಿಲ್ ಎರಡನ್ನೂ ತೆಗೆದುಕೊಂಡು ಹೋಗಿ. ಬ್ಯಾಲೆನ್ಸ್ ಯಾವ ತಾರೀಖಿನವರೆಗೆ ಉಳಿಯುತ್ತದೆ, ರಿಫಂಡ್ ಇಲ್ಲ ಅಂತ ಎಲ್ಲಿ ಬರೆದಿದೆ ತೋರಿಸಿ ಅನ್ನಿ. ಕೌಂಟರಿನ ಹುಡುಗನ ಜೊತೆ ಜಗಳ ಬೇಡ, ಅವನ ಕೈಯಲ್ಲಿ ಏನೂ ಇರುವುದಿಲ್ಲ. ಮ್ಯಾನೇಜರ್ ಕೇಳಿ. ಸರಿಯಾದ ಉತ್ತರ ಬರಲಿಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಏನಾಯ್ತು ಅಂತ ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ