ಓದುಗರ ಪ್ರಶ್ನೆ: ದಪ್ಪ ಸೆರಿಫ್ ಫಾಂಟ್ ಎಲ್ಲಿ ಹಾಕ್ಬೇಕು, ಎಲ್ಲಿ ಬೇಡ

ಪ್ರಶ್ನೆ: ಕೂಪರ್ ಬ್ಲಾಕ್ ಅನ್ನೋ ಇಂಗ್ಲಿಷ್ ಫಾಂಟ್ ಎಲ್ಲಿ ಕಂಡ್ರೂ ನಂಗೆ ಇಷ್ಟ ಆಗತ್ತೆ. ಅಷ್ಟು ದಪ್ಪ ಇದ್ರೂ ಅದು ಯಾಕೆ ಗದರಿಸಿದ ಹಾಗೆ ಅನ್ಸಲ್ಲ?

ಉತ್ತರ: ಅದ್ರಲ್ಲಿ ಚೂಪು ಅನ್ನೋದೇ ಇಲ್ವಲ್ಲ, ಅದಕ್ಕೆ. ಅಕ್ಷರದ ಗೆರೆ ಮುಗಿಯೋ ಕಡೆ ಇರೋ ಪುಟ್ಟ ಪಾದಕ್ಕೆ ಸೆರಿಫ್ ಅಂತೀವಿ, ಬೇರೆ ಫಾಂಟ್‌ಗಳಲ್ಲಿ ಅದು ಚಪ್ಪಟೆಯಾಗೋ ಮೊನಚಾಗೋ ಇರತ್ತೆ, ಇಲ್ಲಿ ಪೂರ್ತಿ ಗುಂಡಗೆ ಉಜ್ಜಿಬಿಟ್ಟಿದಾರೆ, ಹಾಗಾಗಿ ಗಾತ್ರ ದೊಡ್ಡದಿದ್ರೂ ಮೂಲೆ ಎಲ್ಲೂ ಚುಚ್ಚಲ್ಲ. ದೊಡ್ಡದಾಗಿ ಝೂಮ್ ಮಾಡಿ ನೋಡಿ, ‘ಓ’ ಒಳಗಿನ ಬಿಳಿ ಜಾಗ ನೆಟ್ಟಗೆ ನಿಂತಿಲ್ಲ, ಸ್ವಲ್ಪ ಹಿಂದಕ್ಕೆ ವಾಲಿಕೊಂಡಿದೆ, ಆರಾಮಾಗಿ ಒರಗಿ ಕೂತಿರೋ ಥರ. ಆಸ್ವಾಲ್ಡ್ ಕೂಪರ್ ಅನ್ನೋ ಶಿಕಾಗೋದ ಲೆಟರಿಂಗ್ ಕಲಾವಿದ ಇದನ್ನ ಬರೆದಿದ್ದು, ಅಲ್ಲಿನ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಕಂಪನಿ 1922ರಲ್ಲಿ ಅಚ್ಚಿನ ಮೊಳೆಯಾಗಿ ಮಾರಾಟಕ್ಕೆ ತಂತು. ಜಾಹೀರಾತಿನವರು ಮುಗಿಬಿದ್ದು ತಗೊಂಡ್ರು. ಇದು ದೂರದೃಷ್ಟಿ ಇರೋ ಪ್ರಿಂಟರುಗಳ ಸಮೀಪದೃಷ್ಟಿ ಗಿರಾಕಿಗಳಿಗೆ ಮಾಡಿದ್ದು ಅಂತ ಕೂಪರ್ ತಮಾಷೆ ಮಾಡ್ತಿದ್ದನಂತೆ. ಈಜಿಜೆಟ್ ವಿಮಾನಗಳ ಮೇಲಿನ ಕಿತ್ತಳೆ ಬಣ್ಣದ ಹೆಸರು ಇದೇ ಫಾಂಟ್. ನೂರು ವರ್ಷದ ಫಾಂಟು ಅಂತ ಯಾರೂ ಅನ್ಕೊಳಲ್ಲ ನೋಡಿ.

ಪ್ರಶ್ನೆ: ವೆಬ್‌ಸೈಟ್ ಹೆಡಿಂಗ್‌ಗೆ ಏಬ್ರಿಲ್ ಫ್ಯಾಟ್‌ಫೇಸ್ ಅನ್ನೋ ದಪ್ಪ ಸೆರಿಫ್ ಫಾಂಟ್ ಹಾಕ್ದೆ. ಗೂಗಲ್ ಫಾಂಟ್ಸ್ ಪೇಜಲ್ಲಿ ಸೂಪರ್ ಆಗಿತ್ತು, ನನ್ನ ಸೈಟಲ್ಲಿ ಅಕ್ಷರ ಎಲ್ಲ ಊದಿಕೊಂಡು ಮಸಿ ಕದಡಿದ ಹಾಗೆ ಕಾಣ್ತಿದೆ. ಫೈಲ್ ಏನಾದ್ರೂ ಹಾಳಾಗಿದ್ಯಾ?

ಉತ್ತರ: ಫೈಲ್ ಸರಿಯಾಗೇ ಇದೆ, ಬ್ರೌಸರ್ ಮಾಡಿದ ಕಿತಾಪತಿ ಅದು. ಈ ಫಾಂಟ್ ಇರೋದೇ ಒಂದೇ ವೇಟ್‌ನಲ್ಲಿ, ಅಂದ್ರೆ ಒಂದೇ ದಪ್ಪದಲ್ಲಿ, ಅದಕ್ಕೆ ರೆಗ್ಯುಲರ್ ಅಂತಲೇ ಹೆಸರು, ನಂಬರ್ 400, ನೋಡೋಕೆ ಮಾತ್ರ ಹೆವಿ ದಪ್ಪ. ಆದ್ರೆ ಹೆಡಿಂಗ್ ಟ್ಯಾಗ್ ಹಾಕಿದ ತಕ್ಷಣ ಬ್ರೌಸರ್ ತಾನಾಗೇ ಬೋಲ್ಡ್ ಬೇಕು ಅಂತ ಕೇಳತ್ತೆ, ಬೋಲ್ಡ್ ಫೈಲ್ ಸಿಗಲ್ಲ, ಸಿಗದಿದ್ರೆ ಸುಮ್ನಿರ್ಬೇಕು ತಾನೆ, ಇಲ್ಲ, ಇರೋ ಅಕ್ಷರದ ಅಂಚನ್ನೇ ಎಳೆದು ಸುಳ್ಳು ಬೋಲ್ಡ್ ಸೃಷ್ಟಿ ಮಾಡತ್ತೆ. ಸೈಟಿನ ರೂಪ ತೀರ್ಮಾನಿಸೋ ಸಿಎಸ್‌ಎಸ್ ಕೋಡ್‌ನಲ್ಲಿ ಹೆಡಿಂಗ್‌ನ ಫಾಂಟ್ ವೇಟ್ 400 ಅಂತ ಕೊಡಿ, ಸರಿಹೋಗತ್ತೆ.

ನಿಜವಾದ ಬೋಲ್ಡ್‌ಗೂ ಇದಕ್ಕೂ ಅಜಗಜಾಂತರ. ಕೈಯಾರೆ ಬೋಲ್ಡ್ ಬರೆಯೋವಾಗ ನೆಟ್ಟಗಿನ ಗೆರೆ ಜಾಸ್ತಿ ದಪ್ಪ ಮಾಡ್ತಾರೆ, ತೆಳು ಗೆರೆಗೆ ಒಂಚೂರು ಮಾತ್ರ ಕೂಡಿಸ್ತಾರೆ, ಅಕ್ಷರನ ಸ್ವಲ್ಪ ಅಗಲ ಮಾಡಿ ಹೊಟ್ಟೆಯೊಳಗಿನ ಬಿಳಿ ಜಾಗ ಉಳಿಸ್ಕೊತಾರೆ. ಮಷಿನ್‌ಗೆ ಆ ವಿವೇಚನೆ ಇಲ್ಲ, ದಪ್ಪ ಗೆರೆ ತೆಳು ಗೆರೆ ಎರಡಕ್ಕೂ ಒಂದೇ ಅಳತೆಯಲ್ಲಿ ಬಳಿಯತ್ತೆ, ಇಂಗ್ಲಿಷ್‌ನ ಸಣ್ಣ ‘ಇ’, ‘ಎ’ ಕಣ್ಣೇ ಮುಚ್ಚಿಹೋಗತ್ತೆ. ವರ್ಡ್‌ನಲ್ಲಿ ಕೂಪರ್ ಬ್ಲಾಕ್ ಸೆಲೆಕ್ಟ್ ಮಾಡಿ ಮತ್ತೆ ಬೋಲ್ಡ್ ಬಟನ್ ಒತ್ತೋರೂ ಇದಾರೆ, ಅದೂ ಇದೇ ಕಥೆ.

ಪ್ರಶ್ನೆ: ಇಡೀ ಪ್ಯಾರಾ ದಪ್ಪ ಸೆರಿಫ್‌ನಲ್ಲಿ ಹಾಕಬಹುದಾ?

ಉತ್ತರ: ಬೇಡ. ಎರಡು ಸಾಲು ಓದೋಷ್ಟರಲ್ಲಿ ಕಣ್ಣು ಸೋಲತ್ತೆ.

ಪ್ರಶ್ನೆ: ಹಳೇ ಫೋಟೋಗಳ ಎಕ್ಸಿಬಿಷನ್‌ಗೆ ಪೋಸ್ಟರ್ ಮಾಡ್ತಿದೀನಿ. ಫ್ಯಾಟ್‌ಫೇಸ್ ಹಾಕ್ಲಾ, ಕ್ಲಾರೆಂಡನ್ ಹಾಕ್ಲಾ? ಹಿನ್ನೆಲೆ ಕಪ್ಪು, ಅಕ್ಷರ ಬಿಳಿ.

ಉತ್ತರ: ಕಪ್ಪು ಹಿನ್ನೆಲೆ ಅಂದ್ರಲ್ಲ, ಹಾಗಿದ್ರೆ ಕ್ಲಾರೆಂಡನ್ ಕಡೆಗೇ ನನ್ನ ವೋಟು. ಫ್ಯಾಟ್‌ಫೇಸ್ ಅನ್ನೋದು 19ನೇ ಶತಮಾನದ ಶುರುವಲ್ಲಿ ಲಂಡನ್ನಿನ ಮೊಳೆ ತಯಾರಕರು ಪೋಸ್ಟರ್, ಜಾಹೀರಾತಿಗೆ ಅಂತ ತಂದಿದ್ದು, ದಪ್ಪ ಗೆರೆ ಭಾರಿ ದಪ್ಪ, ತೆಳು ಗೆರೆ ಕೂದಲೆಳೆ, ಮಧ್ಯದ್ದು ಇಲ್ಲವೇ ಇಲ್ಲ. ನೋಡೋಕೆ ಬಲು ಠೀವಿ, ನಂಗೂ ಇಷ್ಟ. ಆದ್ರೆ ಬಿಳಿ ಅಕ್ಷರ ಪ್ರಿಂಟ್ ಮಾಡೋವಾಗ ಸುತ್ತಲಿನ ಕಪ್ಪು ಇಂಕು ಸ್ವಲ್ಪ ಒಳಗೆ ಹರಿಯತ್ತೆ, ಕೂದಲೆಳೆ ಗೆರೆಗಳೇ ಮೊದಲು ಮಾಯ ಆಗೋದು, ದೊಡ್ಡ ಟೈಟಲ್ ಹೇಗೋ ಬಚಾವ್ ಆಗಬಹುದು, ಕೆಳಗಿನ ತಾರೀಕು ವೇಳೆ ಗತಿಯೇನು? ಕ್ಲಾರೆಂಡನ್‌ನಲ್ಲಿ ಈ ತಲೆನೋವು ಕಮ್ಮಿ, ದಪ್ಪ-ತೆಳು ವ್ಯತ್ಯಾಸ ಅಷ್ಟಿಲ್ಲ, ಸೆರಿಫ್‌ಗಳೂ ಗಟ್ಟಿ, ಅಕ್ಷರದ ನೆಟ್ಟಗಿನ ಗೆರೆಗೆ ಸೇರೋ ಕಡೆ ಬಾಗಿ ಕೂಡಿಕೊಳ್ತವೆ.

ಅದು ಹುಟ್ಟಿದ್ದೇ ಸಣ್ಣ ಸೈಜಲ್ಲಿ ದುಡಿಯೋಕೆ. 1845ರಲ್ಲಿ ರಾಬರ್ಟ್ ಬೆಸ್ಲಿ ಪಾಲುದಾರನಾಗಿದ್ದ ಲಂಡನ್ನಿನ ಮೊಳೆ ಕಂಪನಿ ತಂದಿದ್ದು, ನಿಘಂಟಿನಂಥ ಪುಸ್ತಕದಲ್ಲಿ ಮಾಮೂಲಿ ಅಕ್ಷರದ ಪಕ್ಕದಲ್ಲೇ ಕೂತು ಒಂದು ಪದ ಎದ್ದು ಕಾಣ್ಲಿ ಅಂತ. ಡಿಸೈನ್ ರಿಜಿಸ್ಟರ್ ಕೂಡ ಮಾಡಿಸಿದ್ರು, ಆದ್ರೆ ರಕ್ಷಣೆ ಸಿಕ್ಕಿದ್ದು ಬರೀ 3 ವರ್ಷ, ಅದು ಮುಗಿದಿದ್ದೇ ತಡ ಉಳಿದವರೆಲ್ಲ ಕಾಪಿ ಹೊಡೆದ್ರು. ನಿಮ್ಮ ಪೋಸ್ಟರ್‌ನಲ್ಲಿ ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿ, ಆಮೇಲೆ ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ನೋಡಿ ಓಕೆ ಮಾಡ್ಬೇಡಿ, ತಾರೀಕಿನ ಸಾಲನ್ನ ಅಸಲಿ ಅಳತೆಯಲ್ಲಿ ಒಂದು ಪ್ರಿಂಟ್ ತೆಗೆಸಿ ನೋಡ್ಕೊಳಿ.