ಪ್ರತಿಕ್ರಿಯೆ: ಅಡಿಕೆ ಮೂಟೆಯ ಚೀಟಿ ಕಿತ್ತುಹೋಗುವ ಬಗ್ಗೆ
ಲಾರಿಗೆ ಹಾಕಿದ ಅಡಿಕೆ ಮೂಟೆಗಳ ವಿಳಾಸದ ಚೀಟಿ ದಾರಿಯಲ್ಲೇ ಕಿತ್ತುಹೋಗುತ್ತದೆ, ಬಟ್ಟೆ ಅಂಗಡಿಯಲ್ಲಿ ಅಂಗಿಗೆ ಬೆಲೆಚೀಟಿ ಸಿಕ್ಕಿಸುವ ಟ್ಯಾಗ್ ಗನ್ ಕೊಳ್ಳಲೇ ಎಂದು ಕೇಳಿದ್ದೀರಿ. ಬೇಡ. ಅದರ ಪ್ಲಾಸ್ಟಿಕ್ ಎಳೆಯ ತುದಿಯ ಅಡ್ಡಕಡ್ಡಿ ಅಂಗಿಯ ಬಿಗಿ ನೇಯ್ಗೆಯಲ್ಲಿ ನಿಲ್ಲುತ್ತದೆ. ಗೋಣಿಯ ಸಡಿಲ ನೇಯ್ಗೆಯಲ್ಲಿ ನುಸುಳಿ ಹೊರಬರುತ್ತದೆ.

ಸಾಮಾನ್ಯವಾಗಿ ಮೊದಲು ಸೋಲುವುದು ದಾರವಲ್ಲ, ಚೀಟಿಯ ತೂತು. ಹಮಾಲರು ಮೂಟೆ ಎಳೆಯುವಾಗ ರಟ್ಟು ಅಲ್ಲಿಂದಲೇ ಹರಿಯುತ್ತದೆ. ತೂತಿನ ಅಂಚಿಗೆ ಐಲೆಟ್, ಅಂದರೆ ಲೋಹದ ಪುಟ್ಟ ಬಳೆ, ಒತ್ತಿದ ಬಟ್ಟೆಯ ಅಥವಾ ಪ್ಲಾಸ್ಟಿಕ್ ಚೀಟಿ ತನ್ನಿ. ಬಾಯಿ ಹೊಲಿದ ಮೇಲೆ, ಹೊಲಿಗೆಯ ಕೆಳಗೆ ಗೋಣಿಯ ಎರಡೂ ಪದರ ಮತ್ತು ಚೀಟಿಯ ತೂತು ಸೇರಿಸಿ ನೈಲಾನ್ ಕೇಬಲ್ ಟೈ ತೂರಿಸಿ, ಚೀಟಿ ಜೋತಾಡದಷ್ಟು ಬಿಗಿಯಿರಿ. ತಂತಿಯೂ ಗಟ್ಟಿಯೇ, ಆದರೆ ಪಾಪ, ಅದರ ತುದಿ ಹಮಾಲರ ಕೈ ಗೀರುತ್ತದೆ.

ಇನ್ನೊಂದು ಚೀಟಿಯನ್ನು ಮೂಟೆಯೊಳಗೂ ಹಾಕಿ. ಹೊರಗಿನದು ಹೋದರೂ ಮಾಲು ಯಾರದೆಂದು ತಿಳಿಯುತ್ತದೆ.